ಕೈಬಿಟ್ಟ ಹೊಲ

ನಾನು ಬರೆದ ಸಂಶೋಧನಾ ಪೇಪರುಗಳಲ್ಲಿ ನಾಲ್ಕು ಜನ ಹೊಗಳಿದ್ದು ಒಂದೇ ಒಂದು. ಆ ಒಂದರಲ್ಲೇ ಒಂದು ಸುಳ್ಳಿದೆ. ನನ್ನ ಜೊತೆ ಕೆಲಸ ಮಾಡಿದವರು ಯಾರೂ ಅದನ್ನು ಸುಳ್ಳು ಎಂದು ಒಪ್ಪಲಿಕ್ಕಿಲ್ಲ. ಇರುವುದು ಒಂದು ಸಾಲು ಅಷ್ಟೇ: ‘ಪ್ರವಾಹದ ಕಾರಣ ಒಂದು ಸ್ಥಳದ ಮಾಹಿತಿಯನ್ನು ಕೈಬಿಡಲಾಗಿದೆ.’ ನಮ್ಮ ಕಸುಬಿನಲ್ಲಿ ಇಂಥ ಸಾಲುಗಳು ಪೇಪರಿನ ಸಂದಿಗೊಂದಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳ ಮುಂದೆ ನಿಂತು ಯಾರೂ ಯೋಚನೆ ಮಾಡುವುದಿಲ್ಲ. ನಾನೂ ಬಹಳ ವರ್ಷ ಮಾಡಲಿಲ್ಲ.

ನಾನು ಗಜೇಂದ್ರಗಡದ ನೇಕಾರರ ಮನೆಯ ಮಗಳು. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಮಗ್ಗದ ಎದುರಿನ ಗೋಡೆಯಲ್ಲಿ ಒಂದು ಗೂಟ ಇತ್ತು. ನೇಯ್ಗೆ ಕೆಟ್ಟು ಕತ್ತರಿಸಿ ತೆಗೆದ ತುಂಡುಗಳು ಅದರಲ್ಲಿ ತೂಗುತ್ತಿದ್ದವು. ಎಳೆ ತಪ್ಪಿದ ದಡಿ, ಬಣ್ಣ ಹತ್ತಿಕೊಂಡ ಸೆರಗಿನ ಚೂರು, ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲಾದ ಬಟ್ಟೆ. ಬಂದ ಬೀಗರಿಗೆಲ್ಲ ಕಾಣುವ ಹಾಗೆ ಅವನ್ನು ತೂಗುಹಾಕುವುದು ಅವ್ವನಿಗೆ ಸೇರುತ್ತಿರಲಿಲ್ಲ. “ಮಂದಿ ಏನಂದಾರು, ತಗದ ಒಲಿಗಿ ಹಾಕ್ರಿ” ಎಂದರೆ ಅಪ್ಪ, “ಇರಲಿ ಬಿಡ. ದಿನಾ ಕಣ್ಣಿಗಿ ಬಿದ್ದರ ಕೈ ಹುಷಾರ ಇರತೈತಿ” ಎನ್ನುತ್ತಿದ್ದ. ಓಣಿಯ ಬೇರೆ ನೇಕಾರರೂ ಬಂದು ಆ ತುಂಡುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಹ್ಯಾಂಗಾತು ಎಂದು ಕೇಳಿ ತಿಳಿದುಕೊಂಡು ಹೋಗುತ್ತಿದ್ದರು. ಅದನ್ನೆಲ್ಲ ನೋಡುತ್ತಲೇ ಬೆಳೆದೆ. ಆಮೇಲೆ ಕೃಷಿ ವಿಜ್ಞಾನ ಓದಿದೆ. ಕಡಲೆ ಬೆಳೆಯ ಮೇಲೆ ಸಂಶೋಧನೆ ಮಾಡುವ ಕೆಲಸ ಸಿಕ್ಕಿತು. ಗೂಟ ಮರೆತುಹೋಯಿತು.

ಮರೆಯದೆ ಇರುವುದು ಕಷ್ಟವೇ. ವಿಜ್ಞಾನಿಗಳ ಬರವಣಿಗೆಗೆ ಅದರದೇ ಆದ ಒಂದು ಮಡಿ ಇದೆ. ಹೊಲದಲ್ಲಿ ಜಾರಿ ಬಿದ್ದದ್ದು, ಮೊಳಕೆ ಕಂಡು ಚಪ್ಪಾಳೆ ಹೊಡೆದದ್ದು, ಯಾರದೋ ಎಮ್ಮೆ ನುಗ್ಗಿ ಎರಡು ಸಾಲು ಮೇಯ್ದದ್ದು, ಇದಾವುದೂ ಅಲ್ಲಿ ಬರುವಂತಿಲ್ಲ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಕೋಣೆಗಳಲ್ಲಿ ಎಲ್ಲವನ್ನೂ ಜೋಡಿಸಿಡಬೇಕು. ಬರೆದದ್ದನ್ನು ಜರ್ನಲ್‌ಗೆ ಕಳಿಸಿದರೆ ಮುಖ ಕಾಣದ ಇಬ್ಬರು ಪರೀಕ್ಷಕರು ಓದಿ, ಒಬ್ಬರು ಚಿಕ್ಕದು ಮಾಡಿ ಎಂದರೆ ಇನ್ನೊಬ್ಬರು ಇನ್ನಷ್ಟು ವಿವರ ಬೇಕು ಎನ್ನುತ್ತಾರೆ. ಇಬ್ಬರಿಗೂ ‘ನಿಮ್ಮ ಅಮೂಲ್ಯ ಸಲಹೆಗೆ ಕೃತಜ್ಞರು’ ಎಂದು ಹಲ್ಲು ಕಚ್ಚಿಕೊಂಡು ಉತ್ತರ ಬರೆಯಬೇಕು. ಪೇಪರಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬುದಕ್ಕೆ ಅಣ್ಣತಮ್ಮಂದಿರು ಹೊಲದ ಬದುವಿಗೆ ಕಾದಾಡುವ ಹಾಗೆ ಕಾದಾಡಿದ್ದನ್ನು ಕಂಡಿದ್ದೇನೆ. ನಾನೂ ಕಾದಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಬಡ್ತಿಗೆ ಬೇಕಾದದ್ದು ಪೇಪರು. ಪೇಪರಿಗೆ ಬೇಕಾದದ್ದು ಗೆದ್ದ ಪ್ರಯೋಗ. ಸೋತ ಪ್ರಯೋಗಕ್ಕೆ ನಮ್ಮಲ್ಲಿ ಜಾಗವೂ ಇಲ್ಲ, ಗೂಟವೂ ಇಲ್ಲ.

ನಮ್ಮ ಪ್ರಯೋಗ ಸರಳವಾದದ್ದು. ಹಿಂಗಾರಿಯಲ್ಲಿ ಕಡಲೆ ಬಿತ್ತುವ ಮುಂಚೆ ಬೀಜವನ್ನು ಕೆಲವು ತಾಸು ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಆರಿಸಿ ಬಿತ್ತುವುದು. ಕರಿಮಣ್ಣಿನ ಒಣ ಎರೆಹೊಲದಲ್ಲಿ ಹಾಗೆ ಮಾಡಿದರೆ ಮೊಳಕೆ ಬೇಗ ಬರುತ್ತದೆ, ಒಂದೇ ಸಮ ಬರುತ್ತದೆ. ಸಂಶೋಧನಾ ಕೇಂದ್ರದ ತಾಕಿನಲ್ಲಿ ನೋಡಿ ಆಗಿತ್ತು. ಇನ್ನು ರೈತರ ಹೊಲದಲ್ಲಿ ನೋಡಬೇಕು. ರಾಜೂರದಲ್ಲಿ ಒಂದು, ನರೇಗಲ್ ಸುತ್ತ ಎರಡು, ಮಲಪ್ರಭೆಯ ದಂಡೆಗೆ ಮೆಣಸಗಿಯಲ್ಲಿ ಒಂದು, ಹೀಗೆ ನಾಲ್ಕು ಹೊಲ ಆರಿಸಿಕೊಂಡೆವು.

ಆ ವರ್ಷ ಬಿತ್ತನೆಗೆ ಮುಂಚೆ ಹೊಳೆ ತುಂಬಿ ಮೆಣಸಗಿಯ ಹೊಲಗಳಿಗೆ ನುಗ್ಗಿ ಹಿಂದೆ ಸರಿದಿತ್ತು. ಹೋಗುವಾಗ ಎರೆಯ ಮೇಲೆ ಗೇಣು ದಪ್ಪ ಮೆಕ್ಕಲು ಹಾಸಿ ಹೋಗಿತ್ತು. ನಮಗೆ ಹೊಲ ಕೊಟ್ಟ ಯಜಮಾನರು ಕಡಿಮೆ ಮಾತಿನವರು. “ನಿಮ್ಮ ಸಾಲಿ ಓದು, ನಮ್ಮ ಹೊಲ. ಕೂಡಿ ನೋಡೂಣು” ಎಂದು ರಸ್ತೆ ಬದಿಯ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟರು. ಮನೆಯಾಕೆ ಬಾಗಿ ಒಂದು ಹಿಡಿ ಮಣ್ಣು ಎತ್ತಿ ಹಿಂಡಿ ನೋಡಿದರು. “ಅಕ್ಕಾರ, ಈ ಹೊಳಿಮಣ್ಣ ಮ್ಯಾಲ ಒಣಗಿದಂಗ ಕಾಣತೈತಿ ಖರೇ, ಬುಡಕ ಹಸಿ ಬಿಡಂಗಿಲ್ಲ. ನೆನಸಿದ ಬೀಜ ತಡೀತಾವೇನ್ರಿ?” ಎಂದು ಕೇಳಿದರು.

“ನೋಡೂಣ್ರಿ ಯವ್ವಾ, ಅದಕ್ಕ ಪ್ರಯೋಗ ಅನ್ನೂದು” ಎಂದೆ. ಮಾತು ಸರಿಯೇ ಇತ್ತು. ಆದರೆ ನಾನು ಅದನ್ನು ಹೇಳಿದ ಧಾಟಿ ಸಣ್ಣ ಮಕ್ಕಳಿಗೆ ಹೇಳುವ ಧಾಟಿ. ಅದು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಬಿತ್ತಿದ ಹತ್ತು ದಿನಕ್ಕೆ ಹೋದೆ. ಪಕ್ಕದಲ್ಲಿ ಅವರು ಒಣಬೀಜ ಬಿತ್ತಿದ್ದ ಹೊಲ ಹಸಿರಾಗಿ ಎದ್ದಿತ್ತು. ನಮ್ಮ ಪಟ್ಟಿ ಬೋಳು. ಚೀಟಿ ಕಟ್ಟಿದ ಗೂಟಗಳು ಮಾತ್ರ ಸಾಲಾಗಿ ನಿಂತಿದ್ದವು. ಮನೆಯಾಕೆ ಕಳೆ ಕೀಳುವ ಕುರ್ಪಿ ತಂದು ಕೂತರು. ಒಂದೊಂದೇ ಸಾಲು ಕೆದಕಿ ಬೀಜ ಹೆಕ್ಕಿ ಅಂಗೈ ಮೇಲೆ ಇಟ್ಟುಕೊಂಡು ನನ್ನ ಮುಂದೆ ಹಿಡಿದರು. ಕಪ್ಪಾಗಿ ಮೆತ್ತಗಾದ ಬೀಜಗಳು, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು, ಹುಳಿ ವಾಸನೆ. ನಾನು ಸಾಲು ಎಣಿಸಿ ಹೊಲದ ಪುಸ್ತಕದಲ್ಲಿ ಎಲ್ಲ ಬರೆದುಕೊಂಡೆ. ಹೊಲದ ಪುಸ್ತಕ ಎಂದರೆ ಪ್ರಯೋಗದ ಜಾಗದಲ್ಲೇ ನಿಂತು ಕಂಡದ್ದನ್ನು ಕಂಡ ಹಾಗೆ ಬರೆದಿಡುವ ನೋಟುಬುಕ್ಕು. ನಮ್ಮ ಬರವಣಿಗೆಯಲ್ಲಿ ಅದೊಂದೇ ಮಡಿ ಇಲ್ಲದ್ದು.

“ಬರಕೊಂಡ್ರೇನ್ರಿ?” ಎಂದು ಕೇಳಿದರು.

“ಹೂಂ ಯವ್ವಾ, ಬರಕೊಂಡೆ.”

“ಚಲೋ ಆತು ಬಿಡ್ರಿ. ನಮ್ಮ ಪಟ್ಟಿ ಹೋದರ ಹೋಗಲಿ. ಮುಂದ ಯಾರಿಗೂ ಹಿಂಗ ಆಗಬಾರದು.”

ಉಳಿದ ಮೂರು ಹೊಲಗಳಲ್ಲಿ ಪ್ರಯೋಗ ಗೆದ್ದಿತು. ಚೆನ್ನಾಗಿಯೇ ಗೆದ್ದಿತು. ಪೇಪರಿನ ಕರಡನ್ನು ಹಿರಿಯ ವಿಜ್ಞಾನಿಯೊಬ್ಬರ ಮೇಜಿನ ಮೇಲೆ ಇಟ್ಟೆ. ಅವರು ನನಗೆ ಮೇಲಧಿಕಾರಿ, ಒಳ್ಳೆಯ ಮನುಷ್ಯರು, ಕೆಟ್ಟದ್ದನ್ನು ಮಾಡಬೇಕೆಂದು ಮಾಡುವವರಲ್ಲ. ಮೆಣಸಗಿಯ ಕೋಷ್ಟಕಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟರು.

“ನೋಡ್ರಿ ಮೇಡಂ, ಮೂರು ಕಡೆ ಚಲೋ ಬಂದೈತಿ. ಈ ಒಂದು ಹೊಲ ಸೇರಿಸಿದರ ಎಲ್ಲಾ ಗೋಜಲ ಆಗತೈತಿ. ಪರೀಕ್ಷಕರು ಇದೊಂದನ್ನ ಹಿಡಕೊಂಡ ಕೂಡತಾರ. ಹೊಳಿ ಬಂದಿತ್ತಲ್ಲ, ಪ್ರವಾಹ ಅಂತ ಬರದು ಕೈಬಿಡ್ರಿ.”

“ಸರ್, ಹೊಳಿ ಬಿತ್ತೂಕಿಂತ ಮೊದಲ ಬಂದು ಹೋಗಿತ್ರಿ. ಬೀಜ ಕೊಳತದ್ದು ಆಮ್ಯಾಲ.”

“ಹೊಳಿ ಬಂದದ್ದು ಖರೇ ಹೌದಲ್ಲ? ಮತ್ತ? ಕಡೀಗೆ ಒಂದು ಸಾಲು ಹಾಕ್ರಿ, ನದಿ ದಂಡಿ ಭೂಮ್ಯಾಗ ಇನ್ನೂ ಸಂಶೋಧನಾ ಆಗಬೇಕಂತ. ಮುಗೀತು.”

ನಾನು ಜಗಳ ಮಾಡಬಹುದಿತ್ತು. ಹೆಸರಿನ ಸರದಿಗೆ ಮಾಡಿದಷ್ಟು ಜಗಳವನ್ನಾದರೂ ಮಾಡಬಹುದಿತ್ತು. ಆ ವರ್ಷ ನನ್ನ ಬಡ್ತಿಯ ಕಾಗದ ಮೇಲೆ ಹೋಗುವುದಿತ್ತು. ತಲೆ ಅಲ್ಲಾಡಿಸಿ ಬಂದೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಕೋಷ್ಟಕ ಅಳಿಸಿದೆ, ಎರಡು ಸಾಲು ಸೇರಿಸಿದೆ. ಒಂದರಲ್ಲಿ ಪ್ರವಾಹ, ಇನ್ನೊಂದರಲ್ಲಿ ಮುಂದಿನ ಸಂಶೋಧನೆ. ಈ ಎರಡನೆಯದು ನಮ್ಮಲ್ಲಿ ಮಂಗಳಾರತಿ ಇದ್ದ ಹಾಗೆ, ಪ್ರತಿ ಪೇಪರಿನ ಕೊನೆಗೆ ಆಗಲೇಬೇಕು. ಅದನ್ನು ನಿಜ ಎಂದು ನಂಬಿ ಯಾರಾದರೂ ಹೊಲಕ್ಕೆ ಹೋಗುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಪೇಪರು ಅಚ್ಚಾಯಿತು. ಸೆಮಿನಾರುಗಳಿಗೆ ಕರೆದರು. ರೈತರಿಗೆಂದು ಒಂದು ಕೈಪತ್ರ ಮಾಡಿದೆವು, ಅದರಲ್ಲೂ ಮೆಣಸಗಿ ಇಲ್ಲ. ಬಡ್ತಿ ಬಂತು. ಮೆಣಸಗಿಗೆ ಮತ್ತೆ ಹೋಗಲಿಲ್ಲ. ಹೋಗಲು ಕೆಲಸ ಇರಲಿಲ್ಲ ಎಂದು ಆಗ ಹೇಳಿಕೊಳ್ಳುತ್ತಿದ್ದೆ. ಮುಖ ಇರಲಿಲ್ಲ ಎಂಬುದು ನಿಜ.

ನಿವೃತ್ತಳಾಗಿ ಅಪ್ಪನ ಮನೆಗೇ ಬಂದು ನೆಲೆಸಿದೆ. ಅಪ್ಪ ಇಲ್ಲ, ಮಗ್ಗವನ್ನು ತಮ್ಮ ನಡೆಸುತ್ತಾನೆ. ಹೋದ ವರ್ಷ ಒಂದು ಮಧ್ಯಾಹ್ನ ಯುವತಿಯೊಬ್ಬಳು ಬಾಗಿಲಿಗೆ ಬಂದಳು. ನರಗುಂದದ ಕಡೆಯ ಹುಡುಗಿ, ನಾನು ಬಿಟ್ಟು ಬಂದಂಥದೇ ಕೆಲಸಕ್ಕೆ ಹೊಸದಾಗಿ ಸೇರಿದವಳು. ಕೈಯಲ್ಲಿ ನನ್ನ ಪೇಪರಿನ ಪ್ರತಿ. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿದ್ದಳು. ನನ್ನ ಬರವಣಿಗೆಯನ್ನು ಅಷ್ಟು ಶ್ರದ್ಧೆಯಿಂದ ಓದಿದವರನ್ನು ನಾನು ಅಲ್ಲಿಯವರೆಗೂ ಕಂಡಿರಲಿಲ್ಲ. ಹಿಗ್ಗಿದೆ, ಚಹಾ ಮಾಡಿ ಕೊಟ್ಟೆ.

“ಮೇಡಂ, ನೀವು ಕಡೀಗೆ ಬರದೀರಲ್ರಿ, ನದಿ ದಂಡಿ ಭೂಮ್ಯಾಗ ನೋಡಬೇಕಂತ. ಅದನ್ನ ನಾ ಕೈಗೆ ತಗೊಂಡೆ. ಆದರ ಬೀಜೆಲ್ಲಾ ಕೊಳತ ಹೋದೂ. ನಾ ಏನ ತಪ್ಪ ಮಾಡೇನಿ ತಿಳೀವಲ್ದು. ನಮ್ಮ ಸಾಹೇಬರು ಈ ಡೇಟಾ ಬಿಟ್ಟಬಿಡು ಅಂತಾರ.”

“ಎಲ್ಲಿ ಹಾಕಿದ್ದಿ ಯವ್ವಾ?” ಎಂದು ಕೇಳಿದೆ. ಉತ್ತರ ಗೊತ್ತಿದ್ದೇ ಕೇಳಿದೆ ಅನಿಸುತ್ತದೆ.

“ಮೆಣಸಗ್ಯಾಗ್ರಿ. ಬಿತ್ತೂಕಿಂತ ಮೊದಲ ಹೊಳಿ ಬಂದು ಹೋಗಿತ್ರಿ. ರಸ್ತಾದ ಬಾಜೂಕ ಇರೂ ಹೊಳಿದಂಡಿ ಹೊಲ ಅದೊಂದ, ಒಬ್ಬ ಯಜಮಾನರದು. ಅವರು ಒಂದ ಮಾತಿಗೇ ಹೂಂ ಅಂದ್ರು. ಪಟ್ಟಿ ಸಾಕ್ರಿ ಅಂದರೂ ಕೇಳಲಿಲ್ಲ, ಅರ್ಧಾ ಹೊಲಾನ ಕೊಟ್ರು.”

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಟ್ರಂಕಿನಿಂದ ಹಳೆಯ ಹೊಲದ ಪುಸ್ತಕ ತೆಗೆದು ಆ ಪುಟ ಬಿಚ್ಚಿ ಅವಳ ಮುಂದೆ ಇಟ್ಟೆ. ಓದಿದಳು. ಮೊದಲಿಂದ ಮತ್ತೆ ಓದಿದಳು. ಆಮೇಲೆ ಪೇಪರಿನ ಪ್ರತಿಯಲ್ಲಿ ಪ್ರವಾಹದ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ಗೊತ್ತಿತ್ತೇನ್ರಿ ನಿಮಗ?” ಎಂದಳು ಅಷ್ಟೇ.

ಮರುದಿನ ಇಬ್ಬರೂ ಮೆಣಸಗಿಗೆ ಹೋದೆವು. ಯಜಮಾನರಿಗೆ ತಲೆ ಪೂರ್ತಿ ನರೆತಿತ್ತು. ನನ್ನನ್ನು ಗುರುತು ಹಿಡಿದು “ಬರ್ರಿ ಅಕ್ಕಾರ, ಎಷ್ಟ ವರ್ಷಾತು” ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದರು. ಆ ಮರ್ಯಾದೆಯ ಮೇಲೆ ಕೂತುಕೊಳ್ಳುವುದು ಕಷ್ಟವಾಯಿತು. ಅವರ ಹಿಂದೆ ಅರ್ಧ ಹೊಲ ಬೋಳಾಗಿ ಬಿದ್ದಿತ್ತು. ತಿರುಗಿ ಬಿತ್ತಲು ಹದ ಮೀರಿ ಹೋಗಿತ್ತು. ಆ ಮನೆಯ ವರ್ಷದ ಕಡಲೆ ಅಲ್ಲಿಗೆ ಮುಗಿದಂತೆ.

“ಯಜಮಾನ್ರ, ಮೊದಲ ಒಮ್ಮೆ ಕೆಟ್ಟಿತ್ತು ಅಂತ ಈಕಿಗೆ ಯಾಕ ಹೇಳಲಿಲ್ರಿ?” ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

ಅವರು ಟವೆಲಿನ ತುದಿ ಸವರಿದರು. “ಹ್ಯಾಂಗ ಹೇಳೂದ್ರಿ. ಮೊದಲ ಬಂದ ಅಕ್ಕಾರದು ಕೆಟ್ಟಿತ್ತು ಅಂತ ಈ ಹುಡುಗಿ ಮುಂದ ಅಂದರ ನಿಮ್ಮ ಮರ್ಯಾದಿ ತಗದಂಗ ಆಗತೈತಿ. ಮತ್ತ ನೀವು ಎಲ್ಲಾ ಬರಕೊಂಡ ಹೋಗಿದ್ರಿ. ನೀವು ನೀವು ಓದಿನ ಮಂದಿ, ಮಾತಾಡಿರ್ತೀರಿ. ತಪ್ಪು ಎಲ್ಲಿ ಆಗಿತ್ತು ಅಂತ ತಿಳಕೊಂಡು, ತಿದ್ದಿಕೊಂಡು, ಮತ್ತ ಬಂದಾರ ಅಂತ ತಿಳದೆ. ಅದಕ್ಕ ಈ ಸಲ ಅರ್ಧಾ ಹೊಲ ಕೊಟ್ಟೆ.”

ಬಾಗಿಲಲ್ಲಿ ನಿಂತಿದ್ದ ಮನೆಯಾಕೆ, “ನಾ ಬ್ಯಾಡಂದಿದ್ದೆ. ಇವರು ಕೇಳಲಿಲ್ಲ. ಅಕ್ಕಾರು ಬರಕೊಂಡಾರ, ನೀ ಸುಮ್ನಿರು ಅಂದ್ರು” ಎಂದರು. ಸಿಟ್ಟಿನಿಂದಲ್ಲ, ನಡೆದದ್ದನ್ನು ನಡೆದ ಹಾಗೆ.

ನಾನು ಪುಸ್ತಕ ತೆರೆದು ಆ ಪುಟವನ್ನು ಕನ್ನಡಕ್ಕೆ ತಿರುಗಿಸುತ್ತ ಓದಿ ಹೇಳಿದೆ. ಯಾವ ಸಾಲಿನಲ್ಲಿ ಎಷ್ಟು ಬೀಜ ಕೊಳೆತಿತ್ತು, ವಾಸನೆ ಹೇಗಿತ್ತು, ಮಣ್ಣು ಬುಡದಲ್ಲಿ ಹಸಿ ಬಿಡುವುದಿಲ್ಲ ಎಂದು ಮನೆಯಾಕೆ ಮೊದಲೇ ಹೇಳಿದ್ದರು ಎಂಬುದು ಸಹ ಅಲ್ಲಿತ್ತು. ಮನೆಯಾಕೆ ಕಣ್ಣು ಮಿಟುಕಿಸದೆ ಕೇಳಿದರು.

“ಎಲ್ಲಾ ಖರೇನ ಬರದೀರಿ” ಎಂದರು. “ಮತ್ತ ಇದನ್ನ ಯಾರಿಗಿ ತೋರಿಸಿದ್ರಿ?”

ನಾನು ಯಾರಿಗೂ ತೋರಿಸಿರಲಿಲ್ಲ. ಹಾಗೆಂದು ಹೇಳಿದೆ. ಅಳು ಬಂತು, ಅತ್ತೆ. ಅರವತ್ತು ದಾಟಿದ ಹೆಂಗಸು ಬೇರೆಯವರ ಕಟ್ಟೆಯ ಮೇಲೆ ಕೂತು ಅಳುವುದನ್ನು ನೋಡಲಾರದೆ ಯಜಮಾನರು ಎದ್ದು ದನದ ಕಡೆ ಹೋದರು. ಮನೆಯಾಕೆ ನೀರು ತಂದುಕೊಟ್ಟರು. ಈಗಲಾದರೂ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಬರೆದೆವು. ಹುಡುಗಿ ತನ್ನ ಸಾಹೇಬರ ಮಾತು ಮೀರಿ ತನ್ನ ಡೇಟಾ ಸೇರಿಸಿದಳು. ಅವಳ ಧೈರ್ಯದಲ್ಲಿ ಕಾಲುಭಾಗ ನನಗೆ ಆ ವಯಸ್ಸಿನಲ್ಲಿ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಎರಡು ಸಲದ ಸೋಲು, ಅದರ ಕಾರಣ, ನನ್ನ ಹಳೆಯ ಸಾಲು ತಪ್ಪೆಂಬ ಒಪ್ಪಿಗೆ, ಎಲ್ಲ ಸೇರಿ ಎರಡೇ ಪುಟ. ಅದೇ ಜರ್ನಲ್‌ಗೆ ಕಳಿಸಿದೆವು. ಕೆಲವು ತಿಂಗಳಾದ ಮೇಲೆ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಒಂದೇ ಹೊಲದ ಮಾಹಿತಿ, ಮೂಲ ಪೇಪರು ಹಳೆಯದು, ನಮ್ಮ ಓದುಗರಿಗೆ ಇದರಲ್ಲಿ ಹೊಸದೇನೂ ಇಲ್ಲ, ಬೇರೆ ಕಡೆ ಪ್ರಯತ್ನಿಸಿ. ಇನ್ನೊಂದು ಕಡೆ ಕಳಿಸಿದ್ದೇವೆ, ಇನ್ನೂ ಉತ್ತರವಿಲ್ಲ. ನನ್ನ ಹಳೆಯ ಪೇಪರು ಮಾತ್ರ ಕಂಪ್ಯೂಟರಿನಲ್ಲಿ ಹುಡುಕಿದರೆ ತಕ್ಷಣ ಸಿಗುತ್ತದೆ. ಅದರ ಕೊನೆಯ ಸಾಲು ಇನ್ನೂ ಜನರನ್ನು ಹೊಳೆದಂಡೆಗೆ ಕರೆಯುತ್ತಲೇ ಇದೆ.

ಈ ಹಿಂಗಾರಿಗೆ ಮುಂಚೆ ಒಬ್ಬಳೇ ಮೆಣಸಗಿಗೆ ಹೋದೆ. ಅಚ್ಚಾಗಲಿಲ್ಲ ಎಂದು ಹೇಳಬೇಕಿತ್ತು. ಯಜಮಾನರು ಸಂತೆಗೆ ಹೋಗಿದ್ದರು. ಮನೆಯಾಕೆ ಕಡಲೆ ಬೀಜ ಹಸನು ಮಾಡುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡರು. ಮೊರ ಪಕ್ಕಕ್ಕಿಟ್ಟು ಕೈ ಝಾಡಿಸಿದರು.

“ಹಂಗಾರ ಆ ನಿಮ್ಮ ಪುಸ್ತಕ ಇಲ್ಲೇ ಇಟ್ಟ ಹೋಗ್ರಿ ಅಕ್ಕಾರ. ಮುಂದ ಬರೋವ್ರು ನಿಮ್ಮ ಪೇಪರ ಓದಿ ಇಲ್ಲಿಗೇ ಬರ್ತಾರ. ಬಂದವ್ರಿಗೆ ನಾವ ತೋರಸ್ತೀವಿ.”

ಪುಸ್ತಕ ಚೀಲದಲ್ಲೇ ಇತ್ತು. ತೆಗೆದುಕೊಟ್ಟೆ. ಅವರು ಆ ಪುಟವನ್ನು ಬಿಚ್ಚಿಸಿ ನೋಡಿದರು. “ಇದು ಇಂಗ್ಲಿಷಲ್ರಿ. ನನ್ನ ಮೊಮ್ಮಗಳು ಓದೂಹಂಗ ಕನ್ನಡದಾಗ ಬರದ ಕೊಡ್ರಿ” ಎಂದರು.

ಅಲ್ಲೇ ಕಟ್ಟೆಯ ಮೇಲೆ ಕೂತು ಎದುರಿನ ಖಾಲಿ ಪುಟದಲ್ಲಿ ಬರೆದೆ. ಪೀಠಿಕೆ ಇಲ್ಲ, ಚರ್ಚೆ ಇಲ್ಲ. ‘ಈ ಹೊಲದಲ್ಲಿ ಹೊಳೆ ಬಂದು ಹೋದ ವರ್ಷ ಕಡಲೆ ಬೀಜ ನೆನೆಸಿ ಬಿತ್ತಬೇಡಿ. ಮಣ್ಣು ಬುಡದಲ್ಲಿ ಹಸಿ ಹಿಡಿದು ಬೀಜ ಕೊಳೆಯುತ್ತದೆ. ಎರಡು ಸಲ ಕೊಳೆತಿದೆ. ಮೊದಲ ಸಲ ಈ ಮನೆಯಾಕೆ ಅಗೆದು ತೋರಿಸಿದ್ದರು. ನಾನು ಕಣ್ಣಾರೆ ಕಂಡೆ. ಪೇಪರಿನಲ್ಲಿ ಬರೆಯಲಿಲ್ಲ.’ ಕೆಳಗೆ ಅವರ ಹೆಸರು ಹಾಕಿ, ಅದರ ಕೆಳಗೆ ನನ್ನ ಹೆಸರು ಹಾಕಿದೆ. ಓದಿ ಹೇಳಿದೆ.

ಇನ್ನೂ ಏನೋ ಇದೆ ಎನ್ನುವ ಹಾಗೆ ಅವರು ನನ್ನ ಬಾಯಿ ನೋಡುತ್ತ ಕೂತಿದ್ದರು. ಮುಗಿಯಿತು ಎಂದೆ.

“ಇಷ್ಟೇನ್ರಿ?” ಎಂದರು. ಹಂಗಿಸುವ ಧ್ವನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು. “ಇಷ್ಟ ಬರಿಯಾಕ ಇಷ್ಟ ವರ್ಷ ಬೇಕಾತೇನ್ರಿ ಅಕ್ಕಾರ?”

ಅವರು ಪುಸ್ತಕವನ್ನು ಒಳಗೆ ಒಯ್ದು ಗೋಡೆಯ ಮಾಡದಲ್ಲಿಟ್ಟು ಬಂದು, ಮೊರ ಎಳೆದುಕೊಂಡು ಮತ್ತೆ ಬೀಜ ಹಸನು ಮಾಡತೊಡಗಿದರು.